ಮುಟ್ಟಬಾರದ ಕಂಬಿ

ಸ್ನೇಹಾಳಿಗೆ ಒಂದು ಸಣ್ಣ ಚಿಂತೆಯಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ, ಹೇಳಿದರೆ ನಗುವವರೇ ಎಲ್ಲ; ಹಾಗಾಗಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವಳ ಅಂಗೈ ಬೆವರುತ್ತಿತ್ತು. ಬಿಸಿಲಿಗಲ್ಲ, ಕೆಲಸಕ್ಕಲ್ಲ, ಹೊಸಬರು ಯಾರಾದರೂ ಎದುರು ಬಂದು ಕೂತರೆ ಸಾಕು, ನೀರೊಳಗೆ ಅದ್ದಿ ತೆಗೆದಂತಾಗುತ್ತಿತ್ತು. ಬಿ.ಎ. ಪರೀಕ್ಷೆಯನ್ನು ಉತ್ತರಪತ್ರಿಕೆಯ ಮೇಲೆ ಕರವಸ್ತ್ರ ಹಾಸಿಕೊಂಡು ಬರೆದವಳು ಅವಳು. ಈಗ ಪರೀಕ್ಷೆ ಮುಗಿದು ವರ್ಷವಾಗುತ್ತ ಬಂದಿತ್ತು, ಮನೆಯಲ್ಲಿ ಗಂಡು ಹುಡುಕುವ ಮಾತು ಶುರುವಾಗಿತ್ತು. ನೋಡಲು ಬಂದವರ ಮುಂದೆ ಚಹಾದ ತಟ್ಟೆ ಹಿಡಿದು ನಿಂತಾಗ ಅದು ಕೈಜಾರಿದರೆ ಏನು ಗತಿ? ಹುಡುಗ ಹೇಗಿರುತ್ತಾನೋ, ಅತ್ತೆ ಎಂಥವಳೋ ಎಂಬ ಯೋಚನೆಗಿಂತ ಈ ತಟ್ಟೆಯ ಯೋಚನೆಯೇ ಅವಳನ್ನು ಹೆಚ್ಚು ಕಾಡುತ್ತಿತ್ತು.

ಮನೆಯವರ ಚಿಂತೆ ಬೇರೆ. ಪಿ.ಜೆ. ಬಡಾವಣೆಯ ಅವರ ಹಳೆಯ ಮನೆಯ ಮೇಲೆ ಹೊಸ ಅಂತಸ್ತು ಎದ್ದಿತ್ತು. ತಂದೆ ಕರಿಬಸವರಾಜಪ್ಪನವರದು ಎಪಿಎಂಸಿಯಲ್ಲಿ ದಲ್ಲಾಳಿ ಮಂಡಿ. ಈಚಿನ ವರ್ಷಗಳಲ್ಲಿ ಮೆಕ್ಕೆಜೋಳ ಅವರ ಕೈ ಹಿಡಿದಿತ್ತು, ಹಿಡಿದದ್ದು ಊರಿಗೆ ಕಾಣಬೇಕಲ್ಲ. ಪಡಸಾಲೆ, ನಡುಮನೆ, ದೇವರ ಕೋಣೆ, ಮೂರರ ಗೋಡೆಯನ್ನೂ ಒಡೆಸಿ ಒಂದೇ ದೊಡ್ಡ ಹಾಲ್ ಮಾಡಿಸಿದರು. ದೇವರ ಕೋಣೆ ಮೇಲಕ್ಕೆ ಹೋಯಿತು. ಹಾಲಿನ ನಟ್ಟನಡುವಿನಿಂದ ಮೆಟ್ಟಿಲು ಎದ್ದು, ಅರ್ಧಕ್ಕೆ ತಿರುಗಿ, ಗೋಡೆಯ ಒತ್ತಿಗೆ ಮೇಲಿನ ಬಾಲ್ಕನಿಯನ್ನು ಸೇರುತ್ತಿತ್ತು. ಬಾಗಿಲೊಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದೇ ಆ ಮೆಟ್ಟಿಲು. ಅದಕ್ಕಿನ್ನೂ ರೇಲಿಂಗ್ಸ್ ಬಂದಿರಲಿಲ್ಲ. ಮೇಸ್ತ್ರಿ ಅಡ್ಡ ಕಟ್ಟಿಹೋಗಿದ್ದ ಬಿದಿರಿನ ಬೊಂಬುಗಳಿದ್ದವು.

ಅಜ್ಜಿ ಹಾಲಮ್ಮನಿಗೆ ಆ ಬೊಂಬೇ ಸಾಕಾಗಿತ್ತು. ಕರಿಬಸವರಾಜಪ್ಪನವರ ತಾಯಿ ಆಕೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮಡಿಯುಟ್ಟು, ಬೊಂಬು ಹಿಡಿದು ಮೇಲೆ ಹತ್ತುತ್ತಿದ್ದಳು. ಅಲ್ಲಿ ಕೂತು ಲಿಂಗಪೂಜೆ ಮುಗಿಸಿ, ಅಂಗೈ ತುಂಬ ವಿಭೂತಿ ಹಚ್ಚಿಕೊಂಡು, ಮತ್ತೆ ಬೊಂಬು ಹಿಡಿದು ಇಳಿಯುತ್ತಿದ್ದಳು. ಕೆಳಗೆ ಬಂದವಳೇ ಮಂಡಿಗೆ ಹೊರಟ ಮಗನ ಹಣೆಗೆ, ಮೊಮ್ಮಗ, ಸ್ನೇಹಾಳ ಅಣ್ಣ ಬಕ್ಕೇಶನ ಹಣೆಗೆ, ಸೊಸೆಯ ಹಣೆಗೆ, ಬಕ್ಕೇಶನ ಹೆಂಡತಿಯ ಹಣೆಗೆ, ಕಡೆಗೆ ಸ್ನೇಹಾಳ ಹಣೆಗೆ ಮೂರು ಬೆರಳು ಎಳೆಯುವುದು. ಆಕೆ ಎಳೆಯದೆ ಯಾರೂ ತಿಂಡಿಗೆ ಕೂರುತ್ತಿರಲಿಲ್ಲ.

ಒಂದು ರಾತ್ರಿ ಊಟಕ್ಕೆ ಕೂತಾಗ ರೇಲಿಂಗ್ಸಿನ ಮಾತು ಬಂತು. ಕಬ್ಬಿಣದ ಕಂಬಿ ಒತ್ತೊತ್ತಾಗಿ ಹಾಕಿಸಿದರೆ ಹತ್ತುವವರಿಗೂ ಇಳಿಯುವವರಿಗೂ ಆಸರೆಯಾಗುತ್ತದೆ ಎಂದಳು ಅಜ್ಜಿ. ಕಬ್ಬಿಣ ಹಾಕಿದರೆ ಪೊಲೀಸ್ ಠಾಣೆ ಇದ್ದಂತೆ ಕಾಣುತ್ತದೆ ಎಂದರು ಕರಿಬಸವರಾಜಪ್ಪ. ಈಗ ದೊಡ್ಡ ಮನೆಯವರೆಲ್ಲ ಸ್ಟೀಲು, ಗ್ಲಾಸು ಹಾಕಿಸುತ್ತಿದ್ದಾರೆ ಎಂದ ಬಕ್ಕೇಶ್.

"ಸ್ಟೀಲು ಅಂದ್ರೆ ಈ ತಾಟಿನ ಸ್ಟೀಲೇನೋ?" ಅಜ್ಜಿ ತನ್ನ ಊಟದ ತಟ್ಟೆಯನ್ನು ಬೆರಳಿಂದ ತಟ್ಟಿದಳು.

"ಅದೇ ಜಾತೀದು ಅಜ್ಜಿ."

"ಹಂಗಾದ್ರೆ ಮೆಟ್ಲಿಗೆ ತಾಟು ಬಡೀತೀರೇನು. ಉಂಡು ಉಳಿದಿದ್ದನ್ನ ಅಲ್ಲೇ ಹಾಕಬಹುದು ಬಿಡು."

ಎಲ್ಲರೂ ನಕ್ಕರು. ಕರಿಬಸವರಾಜಪ್ಪನವರೂ ನಕ್ಕರು. ಅಜ್ಜಿಯ ಮಾತಿಗೆ ಆ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಅದೇ ಕೊನೆ.

ಅದೇ ದಿನಗಳಲ್ಲಿ ಹರಿಹರದ ತಿಪ್ಪೇರುದ್ರಪ್ಪನವರ ಸುದ್ದಿ ಬಂತು. ಅಕ್ಕಿ ಗಿರಣಿಯವರು, ಮಗನಿಗೆ ಹೆಣ್ಣು ನೋಡುತ್ತಿದ್ದಾರೆ, ಹೊಸ ಮನೆಗೆ ಸ್ಟೀಲು ಗಾಜಿನ ರೇಲಿಂಗ್ಸ್ ಹಾಕಿಸಿದ್ದಾರೆ. ಬಕ್ಕೇಶ್ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ. ರೇಲಿಂಗ್ಸ್ ನೋಡಿಕೊಂಡು ಬರೋಣವೆಂದು ಒಂದು ದಿನ ಎಲ್ಲರೂ ಮಾರುತಿ ವ್ಯಾನಿನಲ್ಲಿ ಹೊರಟರು, ಅಜ್ಜಿಯನ್ನು ಬಿಟ್ಟು. ರೇಲಿಂಗ್ಸ್ ನೋಡುವುದಕ್ಕೆ ಸ್ನೇಹಾ ಯಾಕೆ ರೇಷ್ಮೆ ಸೀರೆ ಉಡಬೇಕೆಂದು ಯಾರೂ ಕೇಳಲಿಲ್ಲ. ಸ್ನೇಹಾಳೂ ಕೇಳಲಿಲ್ಲ. ತಾಯಿ ದ್ರಾಕ್ಷಾಯಣಮ್ಮ ನೆರಿಗೆ ಹಿಡಿಯುತ್ತ, ಅವರಾಗಿ ಮಾತಾಡಿಸಿದರೆ ಮಾತ್ರ ಮಾತಾಡು ಎಂದಳು. ಅದೊಂದು ಸ್ನೇಹಾಳಿಗೆ ಹೇಳಬೇಕಾದ ಮಾತೇ ಅಲ್ಲ.

ತಿಪ್ಪೇರುದ್ರಪ್ಪನವರ ಹೆಂಡತಿ ಕಮಲಕ್ಕ ಮನೆ ತೋರಿಸಿದರು. ಅವರ ಮೆಟ್ಟಿಲ ಮೇಲೆ ನೀರಿನ ಹಾಗೆ ಗಾಜು ನಿಂತಿತ್ತು. ಅದರ ತಲೆಯ ಮೇಲೆ ತೋಳಿನಷ್ಟು ದಪ್ಪದ ಸ್ಟೀಲಿನ ಕೊಳವೆ. ಕೊಳವೆಯೊಳಗೆ ಇಡೀ ಹಾಲ್ ಸೊಟ್ಟಗೆ ಕಾಣುತ್ತಿತ್ತು, ಒಳಗಿದ್ದ ಮುಖಗಳೂ ಸೊಟ್ಟಗೆ ಕಾಣುತ್ತಿದ್ದವು. ಎಲ್ಲರ ಹಿಂದೆ ಮೆಟ್ಟಿಲು ಹತ್ತುತ್ತಿದ್ದ ಸ್ನೇಹಾ, ಸೀರೆಯ ಅಂಚು ಕಾಲಿಗೆ ತೊಡರಿ, ಕೊಳವೆ ಹಿಡಿದಳು.

"ಮುಟ್ಟಬ್ಯಾಡ ತಂಗಿ, ಈಗಷ್ಟೇ ಒರೆಸೀವಿ," ಎಂದರು ಕಮಲಕ್ಕ. ಬೈದದ್ದಲ್ಲ, ನಗುನಗುತ್ತಲೇ ಹೇಳಿದ್ದು.

ಸ್ನೇಹಾ ಕೈ ತೆಗೆದಳು. ಅವಳ ಐದೂ ಬೆರಳು, ಅಂಗೈಯ ಗೆರೆಯ ಸಮೇತ, ಹೊಳೆಯುವ ಸ್ಟೀಲಿನ ಮೇಲೆ ಒದ್ದೆಯಾಗಿ ಕೂತಿದ್ದವು. ಕಮಲಕ್ಕ ಸೆರಗಿನ ತುದಿಯಿಂದ ಅದನ್ನು ಒರೆಸಿ, ಸೆರಗನ್ನೊಮ್ಮೆ ನೋಡಿಕೊಂಡು, ಹುಡುಗಿಗೆ ಕೈ ಬೆವರುತ್ತದೆಯೇ ಎಂದು ದ್ರಾಕ್ಷಾಯಣಮ್ಮನನ್ನು ಕೇಳಿದರು. ಈಗ ತಾನೇ ಕೈ ತೊಳೆದುಕೊಂಡು ಬಂದಳು, ಅದಕ್ಕೆ ಎಂದಳು ದ್ರಾಕ್ಷಾಯಣಮ್ಮ. ಥಟ್ಟನೆ, ಕಣ್ಣು ಮಿಟುಕಿಸದೆ. ತಾಯಿಗೆ ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಸ್ನೇಹಾಳಿಗೆ ಗೊತ್ತಿರಲಿಲ್ಲ. ಆ ಸುಳ್ಳು ತನ್ನ ಒಳ್ಳೆಯದಕ್ಕೆ ಎಂಬುದೂ ತಿಳಿಯಿತು. ತಿಳಿದದ್ದರಿಂದಲೇ ಬಾಯೊಳಗೆ ಏನೋ ಹಳಸಿದ್ದನ್ನು ಇಟ್ಟುಕೊಂಡಂತಾಯಿತು.

ಅಲ್ಲಿಂದ ನೇರ ಫಜಲುಲ್ಲಾನ ಅಂಗಡಿಗೆ. ತಿಪ್ಪೇರುದ್ರಪ್ಪನವರ ಕೆಲಸ ಮಾಡಿದವನು ಅವನೇ. ಹರಿಹರದಲ್ಲಿ ರಸ್ತೆಯ ಪಕ್ಕಕ್ಕೆ ತಗಡಿನ ಶೆಡ್ಡು, ಒಳಗೆ ಸ್ಟೀಲು ಕೊಯ್ಯುವ ಕರ್ಕಶ ಸದ್ದು. ಎರಡು ತುಂಡು ಕೊಳವೆ ತಂದು ಕರಿಬಸವರಾಜಪ್ಪನವರ ಮುಂದಿಟ್ಟ.

"ಎರಡು ನಮೂನಿ ಅದಾವೆ ಸಾವ್ಕಾರ್ರೆ. ಇದು ಮ್ಯಾಟು, ಕೈ ಇಟ್ರೆ ಗುರುತು ಬೀಳಾದಿಲ್ಲ. ಇದು ಮಿರರು. ಇದ್ರಾಗೆ ಮೀಸೆ ತಿದ್ದಿಕೋಬಹುದು."

"ತಿಪ್ಪೇರುದ್ರಪ್ಪ ಯಾವ್ದು ಹಾಕ್ಸ್ಯಾರೆ?"

"ಮಿರರು."

"ಮತ್ತೆ ಕೇಳಾದೇನೈತೆ."

ಮನೆಯಲ್ಲಿ ವಯಸ್ಸಾದವರಿದ್ದರೆ ಗಾಜಿನ ಒಳಗಡೆ ಇನ್ನೊಂದು ಸಣ್ಣ ಕಂಬಿ ಓಡಿಸಬಹುದು, ಹಿಡಿಯಲು ಅನುಕೂಲ ಎಂದ ಫಜಲುಲ್ಲಾ. ಅದಕ್ಕೆ ಬೇರೆ ರೇಟು ಎಂದೂ ಸೇರಿಸಿದ. ನಡುವೆ ಅಡ್ಡ ಬಂದರೆ ಗಾಜಿನ ಅಂದ ಕೆಡುತ್ತದೆ ಎಂದು ಬಕ್ಕೇಶ್ ತಲೆಯಾಡಿಸಿದ. ಅವನ ಹೆಂಡತಿ ವಾಣಿ, ಅಜ್ಜಿಗೆ ಬೇಕಾಗಬಹುದೇನೋ ಎಂದು ಮೆಲ್ಲಗೆ ಅಂದಳು. ಅದು ಶೆಡ್ಡಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವೋ, ಕೇಳಿಸಿದರೂ ಬೇಡವಾಯಿತೋ. ವಾಣಿ ಎರಡನೆಯ ಸಲ ಹೇಳಲಿಲ್ಲ.

ಕೆಲಸ ಹಲವು ದಿನ ನಡೆಯಿತು. ಸ್ಟೀಲಿನ ಪುಡಿ ಹಿಟ್ಟಿನ ಡಬ್ಬಿಯವರೆಗೂ ಬಂತು. ರೊಟ್ಟಿಯಲ್ಲಿ ಹಲ್ಲಿಗೆ ಕರಕರ ಎನ್ನುತ್ತಿತ್ತು. ಕಡೆಗೊಂದು ಬೆಳಿಗ್ಗೆ ಬೊಂಬುಗಳನ್ನು ಬಿಚ್ಚಿ, ಕೊಳವೆಗೆ ಸುತ್ತಿದ್ದ ಪ್ಲಾಸ್ಟಿಕ್ ಹರಿದು ತೆಗೆದರು. ಕರಿಬಸವರಾಜಪ್ಪ ತೆಂಗಿನಕಾಯಿ ಒಡೆದರು. ದ್ರಾಕ್ಷಾಯಣಮ್ಮ ಅರಿಸಿನ ಕುಂಕುಮದ ಬಟ್ಟಲು ತಂದರೆ, ಹಚ್ಚಬೇಡ, ದೂರದಿಂದ ತೋರಿಸು ಸಾಕು ಎಂದರು. ಆಕೆ ಹಾಗೇ ತೋರಿಸಿದಳು.

ಅಂದಿನಿಂದ ಮನೆಯಲ್ಲಿ ಒರೆಸುವುದು ಶುರುವಾಯಿತು. ನಿಟ್ಟುವಳ್ಳಿಯಿಂದ ಮನೆಗೆಲಸಕ್ಕೆ ಬರುತ್ತಿದ್ದ ಕೆಂಚಕ್ಕ, ತಾನು ಪಾತ್ರೆ ತೊಳೆಯಲು ಬಂದವಳೇ ಹೊರತು ಕನ್ನಡಿ ಒರೆಸಲು ಅಲ್ಲ ಎಂದು ಮೊದಲ ದಿನವೇ ಕೈ ಝಾಡಿಸಿದಳು. ಸಂಬಳ ಏರಿಸಿದರೂ ಒಪ್ಪಲಿಲ್ಲ. ಹಾಗಾಗಿ ಬೆಳಗಿನ ಪಾಳಿ ವಾಣಿಗೆ, ಸಂಜೆಯ ಪಾಳಿ ಸ್ನೇಹಾಳಿಗೆ. ಹಳೆಯ ಪತ್ರಿಕೆ ಒದ್ದೆ ಮಾಡಿ ಗಾಜು ಉಜ್ಜುವುದು, ಹಳೆಯ ಪಂಚೆಯಿಂದ ಸ್ಟೀಲು ಉಜ್ಜುವುದು. ಸ್ನೇಹಾ ಒರೆಸಿದಷ್ಟೂ ಅವಳ ಕೈಯ ಗುರುತೇ ಬೀಳುತ್ತಿತ್ತು. ಬಲಗೈಯಿಂದ ಒರೆಸಿ, ಎಡಗೈಯಿಂದ ಊರಿದಲ್ಲಿ ಮತ್ತೆ ಒರೆಸಿ, ಕಡೆಗೆ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಒರೆಸುತ್ತಿದ್ದಳು.

ಸಂಜೆ ಮಂಡಿಯಿಂದ ಬಂದ ಕೂಡಲೇ ಕರಿಬಸವರಾಜಪ್ಪ ಚಪ್ಪಲಿ ಬಿಡುವುದು, ಟ್ಯೂಬ್‌ಲೈಟ್ ಹಾಕುವುದು, ಮೆಟ್ಟಿಲ ಬುಡದಲ್ಲಿ ಬಗ್ಗಿ ಕೊಳವೆಯ ಉದ್ದಕ್ಕೂ ಕಣ್ಣು ಹಾಯಿಸುವುದು. ಚಹಾ ಆಮೇಲೆ.

"ಇದು ಯಾರ ಕೈ?"

ಯಾರದೆಂದು ಯಾರಾದರೂ ಹೇಳಬೇಕು, ಇಲ್ಲದಿದ್ದರೆ ಅವರು ಚಹಾ ಮುಟ್ಟುತ್ತಿರಲಿಲ್ಲ. ಬಕ್ಕೇಶ್ ವಾಣಿಯ ಮೇಲೆ ಹೇಳುವನು, ವಾಣಿ ಕೆಂಚಕ್ಕನ ಮೇಲೆ, ಕೆಂಚಕ್ಕ ಆ ಹೊತ್ತಿಗೆ ಮನೆ ಸೇರಿರುವಳು. ಮನೆಯವರು ಒಬ್ಬರ ಕೈಯನ್ನು ಒಬ್ಬರು ಕಾಯತೊಡಗಿದರು. ಒಂದು ಕೈ ಮಾತ್ರ ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು. ಅದು ಬೆಳ್ಳಗಿರುತ್ತಿತ್ತು. ಮೇಲಿನ ತಿರುವಿನಿಂದ ಕೆಳಗಿನ ಮೆಟ್ಟಿಲವರೆಗೆ ವಿಭೂತಿಯ ಬೆರಳು, ವಿಭೂತಿಯ ಅಂಗೈ. ಕೊಳವೆ ದಪ್ಪವಾಗಿ ಕೈಯೊಳಗೆ ಹಿಡಿಯದ ಕಡೆ ಅಜ್ಜಿ ಗಾಜಿಗೇ ಅಂಗೈ ಒತ್ತಿ ಇಳಿಯುತ್ತಿದ್ದಳು.

ಕೈ ತೊಳೆದು ಇಳಿ ಎಂದು ಮಗ ಹೇಳಿದ್ದಕ್ಕೆ, ವಿಭೂತಿಯನ್ನು ಯಾರಾದರೂ ತೊಳೆಯುತ್ತಾರೇನೋ ಎಂದಳು ಅಜ್ಜಿ. ಹಾಗಾದರೆ ಮೇಲೇ ಕೂತಿರು, ಯಾರಾದರೂ ಬಂದು ಇಳಿಸುತ್ತಾರೆ ಎಂದರು. ಎರಡು ದಿನ ವಾಣಿ ಹೋಗಿ ಇಳಿಸಿದಳು. ಮೂರನೆಯ ದಿನ ಬಕ್ಕೇಶನ ತಿಂಡಿಗೆ ತಡವಾಯಿತು, ಅಜ್ಜಿ ಕಾದು ಕಾದು ತಾನೇ ಇಳಿದಳು. ಸೆರಗನ್ನು ಕೈಗೆ ಸುತ್ತಿಕೊಂಡು ಕೊಳವೆ ಹಿಡಿದಿದ್ದಳು. ನುಣುಪು ಸ್ಟೀಲಿನ ಮೇಲೆ ಸೆರಗು ಸರ್ರನೆ ಜಾರಿ, ಕೂತೇಬಿಟ್ಟಳು. ಪೆಟ್ಟೇನೂ ಆಗಲಿಲ್ಲ. ಕೂತಲ್ಲಿಂದಲೇ, ಎಮ್ಮೆಯ ಬೆನ್ನ ಮೇಲೆ ಕೂತಂಗಾಯ್ತು ಎಂದು ನಕ್ಕಳು. ಅವಳೊಬ್ಬಳೇ ನಕ್ಕಳು.

ಅಷ್ಟರಲ್ಲಿ ಹರಿಹರದಿಂದ ಫೋನು ಬಂತು. ಹುಡುಗಿ ಅವರಿಗೆ ಹಿಡಿಸಿದ್ದಳು. ಶಾಸ್ತ್ರಕ್ಕೆ ಬರುವ ಭಾನುವಾರ ಹುಡುಗನನ್ನೂ ಕರೆದುಕೊಂಡು ಬರುತ್ತಾರೆ. ಶನಿವಾರ ಇಡೀ ದಿನ ಮನೆ ತೊಳೆದರು. ರಾತ್ರಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಎಲ್ಲರೂ ದಣಿದು ಮಾತಿಲ್ಲದೆ ಉಣ್ಣುತ್ತಿದ್ದರು. ಕರಿಬಸವರಾಜಪ್ಪ ಮಜ್ಜಿಗೆ ಸುರಿದುಕೊಳ್ಳುತ್ತ ತಾಯಿಯ ಕಡೆ ತಿರುಗಿದರು.

"ಅವ್ವ, ನಾಳೆ ಒಂದಿನ ಆ ರೇಲಿಂಗ್ಸ್ ಮುಟ್ಟಬ್ಯಾಡ."

"ಮುಟ್ದೆ ಹೆಂಗ್ ಇಳೀಲೋ?"

"ಗ್ವಾಡೆ ಕಡೆ ಸರಕಂಡು ಇಳಿ."

"ಅರ್ಧಕ್ಕೆ ಗ್ವಾಡೆ ಮುಗೀತೈತಲ್ಲಪ್ಪ. ಆಮ್ಯಾಗೆ ಎರಡೂ ಕಡೆ ನಿನ್ ಗಾಜೇ."

"ನಿಧಾನಕ್ಕೆ ಇಳಿ, ಯಾರು ಅಟ್ಟಿಸ್ಕಂಡು ಬರ್ತಾರೆ?" ಅವರ ದನಿ ಏರಿತು. "ಬರೋರ್ ಮುಂದೆ ಅದು ಸುಣ್ಣ ಬಳಿದಂಗೆ ಕಾಣ್ಬೇಕೇನು? ಆ ಹುಡುಗೀ ಕಾರ್ಯ ಆಗಾದು ನಿನಗೆ ಬೇಕೋ ಬ್ಯಾಡೋ? ಮುಟ್ಟಬ್ಯಾಡ ಅಂದ್ರೆ ಮುಟ್ಟಬ್ಯಾಡ. ಒಂದ್ ಮಾತು ಎಷ್ಟು ಸಲ ಹೇಳ್ಬೇಕು."

ಅಜ್ಜಿ ಸ್ನೇಹಾಳ ಕಡೆ ನೋಡಿದಳು. ಸ್ನೇಹಾ ತಟ್ಟೆ ನೋಡುತ್ತಿದ್ದಳು.

"ಆಗ್ಲಪ್ಪ," ಎಂದಳು ಅಜ್ಜಿ. "ಮುಟ್ಟಾದಿಲ್ಲ."

ಮರುದಿನ ಬೆಳಿಗ್ಗೆ ವಾಣಿ ಅಡುಗೆಮನೆಯಲ್ಲಿ ಮೆಣಸಿನಕಾಯಿ ಸೀಳುತ್ತಿದ್ದಳು, ದ್ರಾಕ್ಷಾಯಣಮ್ಮ ಹಿತ್ತಲಲ್ಲಿದ್ದಳು. ಸ್ನೇಹಾ ಹಾಲಿನಲ್ಲಿ ಸೋಫಾದ ಮೇಲೆ ಹೊಸ ಹೊದಿಕೆ ಹಾಸುತ್ತಿದ್ದಳು. ಮೇಲೆ ಗಂಟೆಯ ಸದ್ದು ನಿಂತಿತು. ಅಜ್ಜಿ ಮೇಲಿನ ಬಾಲ್ಕನಿಯಲ್ಲಿ ಕಾಣಿಸಿದಳು. ಗೋಡೆ ಮುಗಿಯುವವರೆಗೆ ಗೋಡೆಗೆ ಭುಜ ಕೊಟ್ಟು ಇಳಿದಳು. ಗೋಡೆ ಮುಗಿದಲ್ಲಿ ನಿಂತಳು. ಆಕೆಯ ಕೈ ತಾನೇ ತಾನಾಗಿ ಕೊಳವೆಯ ಕಡೆ ಹೋಯಿತು, ಹೋಗಿ ನಿಂತಿತು. ಕೊಳವೆಗೂ ಕೈಗೂ ನಡುವೆ ಒಂದು ಗೇಣೂ ಇರಲಿಲ್ಲ. ಅಜ್ಜಿ ಕೈಯನ್ನು ಹಿಂದಕ್ಕೆ ತಂದು, ಎರಡೂ ಅಂಗೈಗಳನ್ನು ಎದೆಯ ಹತ್ತಿರ ಬೊಗಸೆಯಂತೆ ಕೂಡಿಸಿಕೊಂಡು, ಕಾಲು ಕೆಳಗಿಟ್ಟಳು.

ಬಿದ್ದ ಸದ್ದಿಗೆ ಎಲ್ಲರೂ ಓಡಿಬಂದರು. ಅಜ್ಜಿ ಮೆಟ್ಟಿಲ ಬುಡದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು, ಕಾಲು ತಿರುಚಿಕೊಂಡಿತ್ತು. ಸ್ನೇಹಾ ಆಕೆಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಬಾತ್‌ರೂಮಿನಿಂದ ಅರ್ಧ ಗಡ್ಡ ಹೆರೆದುಕೊಂಡು ಬಂದ ಬಕ್ಕೇಶ್ ಮೊದಲು ಮಾಡಿದ ಕೆಲಸವೆಂದರೆ, ಅಜ್ಜಿಯ ತಲೆಯ ಮೇಲಿದ್ದ ಗಾಜನ್ನು ಅಂಗೈಯಿಂದ ಮೇಲಿಂದ ಕೆಳಗೆ ಸವರಿ ನೋಡಿದ್ದು.

"ಗ್ಲಾಸಿಗೇನೂ ಆಗಿಲ್ಲ ಅಪ್ಪಾಜಿ," ಎಂದ.

ಆಮೇಲೆ ಬಗ್ಗಿದ.

ವ್ಯಾನಿನ ಹಿಂದಿನ ಸೀಟಿನಲ್ಲಿ ಅಜ್ಜಿಯನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಒಳಗೆ ಸ್ಟೀಲಿನ ರಾಡು ಹಾಕಬೇಕು ಎಂದರು ಡಾಕ್ಟರು. ಒಳ್ಳೇ ಕಂಪನಿಯದನ್ನೇ ಹಾಕಿ, ಖರ್ಚಿಗೆ ನೋಡಬೇಡಿ ಎಂದರು ಕರಿಬಸವರಾಜಪ್ಪ. ಹೇಗೆ ಬಿದ್ದರು ಎಂದು ಡಾಕ್ಟರು ಕೇಳಿದ್ದಕ್ಕೆ, ತಲೆ ಸುತ್ತು ಬಂದು ಬಿದ್ದರು ಎಂದರು. ಆ ಮಾತು ಅಲ್ಲೇ, ಡಾಕ್ಟರ ಕೋಣೆಯ ಬಾಗಿಲಲ್ಲೇ ಹುಟ್ಟಿದ್ದು. ಸ್ನೇಹಾ ಪಕ್ಕದಲ್ಲಿದ್ದಳು. ಅಲ್ಲಿಂದ ಹೊರಬಂದು ಹರಿಹರಕ್ಕೆ ಫೋನು ಮಾಡಿದಾಗಲೂ ಅದೇ ಹೇಳಿದರು; ಅವರು ಪಾಪ ಎಂದು, ಶಾಸ್ತ್ರವನ್ನು ಮುಂದಕ್ಕೆ ಹಾಕಿದರು.

ಅಜ್ಜಿ ಮನೆಗೆ ಬಂದ ಮೇಲೆ ಹಾಲಿನ ಪಕ್ಕದ ಸಣ್ಣ ಕೋಣೆಯಲ್ಲಿ ಮಂಚ ಹಾಕಿದರು. ಮೂರು ತಿಂಗಳು ಕಾಲು ಊರುವಂತಿರಲಿಲ್ಲ. ಮಲಮೂತ್ರಕ್ಕೆ ತಗಡಿನ ಪಾತ್ರೆ. ಬೆಳಿಗ್ಗೆ ದ್ರಾಕ್ಷಾಯಣಮ್ಮ, ಉಳಿದ ಹೊತ್ತು ಸ್ನೇಹಾ. ಸ್ನೇಹಾಳಿಗೆ ಅದರಲ್ಲಿ ಅಸಹ್ಯವೆನಿಸಲಿಲ್ಲ. ಪಾತ್ರೆ ತೊಳೆದು, ಅಜ್ಜಿಯನ್ನು ಒರೆಸಿ, ಬೆನ್ನಿಗೆ ಪೌಡರ್ ಹಾಕಿ ಮಗ್ಗುಲು ಬದಲಿಸಿ, ಹೊರಗೆ ಬಂದರೆ ಹಾಲಿನಲ್ಲಿ ನೆಂಟರು ಕೂತಿರುತ್ತಿದ್ದರು. ಅಸಹ್ಯ ಅಲ್ಲಿಂದ ಶುರುವಾಗುತ್ತಿತ್ತು.

ನೋಡಲು ಬಂದವರು ಮೂಸಂಬಿಯ ಚೀಲವನ್ನು ಮಂಚದ ಕೆಳಗಿಟ್ಟು, ಅಜ್ಜಿಯ ಕಾಲು ಮುಟ್ಟಿ, ಎರಡು ನಿಮಿಷ ಕೂತು, ಹಾಲಿಗೆ ಬಂದು ಮೆಟ್ಟಿಲು ನೋಡುತ್ತ ನಿಲ್ಲುತ್ತಿದ್ದರು. ಎಲ್ಲಿ ಮಾಡಿಸಿದ್ದು, ಒಂದು ಅಡಿಗೆ ಎಷ್ಟು ಬಿತ್ತು ಎಂದು ಕೇಳುತ್ತಿದ್ದರು. ಕರಿಬಸವರಾಜಪ್ಪ ಹೇಳುತ್ತಿದ್ದರು. ನಡುನಡುವೆ ತಲೆ ಸುತ್ತಿನ ಕತೆಯನ್ನೂ ಹೇಳುತ್ತಿದ್ದರು. ಹೇಳಿ ಹೇಳಿ ಅದು ಬೆಳೆಯಿತು. ಮೊದಲು ಒಂದು ಸಲ ಬಂದ ಸುತ್ತು. ವಾರ ಕಳೆಯುವುದರಲ್ಲಿ ಆಗಾಗ ಬರುತ್ತಿದ್ದ ಸುತ್ತಾಯಿತು. ಬಂದವರು ಕೋಣೆಯ ಬಾಗಿಲಿನಿಂದ, ಹೌದೇನಮ್ಮ ಎಂದು ಕೇಳಿದರೆ, ಅಜ್ಜಿ ಒಳಗಿಂದ, "ಹ್ಞೂನಪ್ಪ, ಸುತ್ತು ಬಂತು" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಸ್ನೇಹಾ ಕೇಳಿದಳು.

"ಯಾಕಜ್ಜಿ ಹಂಗೆ ಹೇಳ್ತೀರಿ?"

"ಮತ್ತೇನ್ ಹೇಳ್ಲಿ? ನನ್ನ ಮಗನ ಮಾರೀನ ನಾಕು ಮಂದಿ ಮುಂದೆ ತಗ್ಗಿಸ್ಲೇನು?"

"ನೀವು ಬಿದ್ದಿದ್ದು ನಾನು ನೋಡೀನಿ."

"ನೋಡಿದ್ರೆ ಸುಮ್ನಿರು. ನಿನ್ ಕಾರ್ಯ ಆಗ್ಲಿ ಮದ್ಲು." ಅಜ್ಜಿ ಚಮಚವನ್ನು ಕೈಯಿಂದ ಸರಿಸಿದಳು. "ಉಪ್ಪು ಹಾಕಿಲ್ಲ ಇದಕ್ಕೆ."

ಬೆಳೆದ ಕತೆಗೆ ಒಂದು ಕೆಲಸವಿತ್ತೆಂದು ಸ್ನೇಹಾಳಿಗೆ ಆಮೇಲೆ ತಿಳಿಯಿತು. ಶಾಸ್ತ್ರಕ್ಕೆ ಹೊಸ ಭಾನುವಾರ ಗೊತ್ತಾಗಿತ್ತು. ಮುಂದೆ ನಿಶ್ಚಿತಾರ್ಥವೆಂದರೆ ಮನೆ ತುಂಬ ಜನ; ಹಾಲಿನ ಪಕ್ಕದಲ್ಲೇ ಮಂಚ, ವಾಸನೆ. ಅಜ್ಜಿಯನ್ನು ಭಾನುವಳ್ಳಿಯ ತಮ್ಮನ ಮನೆಗೆ ಕಳಿಸುವುದೆಂದು ಕರಿಬಸವರಾಜಪ್ಪ ತೀರ್ಮಾನಿಸಿದರು. ಅಜ್ಜಿಯ ಕಿರಿಯ ಮಗ ಬಸವಪ್ರಭು ಹೊಲ ಮಾಡಿಕೊಂಡಿದ್ದವನು. ಅವನ ಮನೆಯ ಕಕ್ಕಸು ಹಿತ್ತಿಲ ಆಚೆ ಕಣದ ಹತ್ತಿರ, ಮನೆಯಲ್ಲಿ ಹಗಲೆಲ್ಲ ಯಾರೂ ಇರುತ್ತಿರಲಿಲ್ಲ. ಅಲ್ಲಿ ಮಗ್ಗುಲು ಬದಲಿಸುವವರು ಯಾರು ಎಂದು ವಾಣಿ ಕೇಳಿದಳು. ಪದೇ ಪದೇ ತಲೆ ಸುತ್ತುವವರಿಗೆ ಮೆಟ್ಟಿಲಿರುವ ಮನೆ ಆಗಿಬರುವುದಿಲ್ಲ, ಡಾಕ್ಟರೇ ಹೇಳಿದ್ದಾರೆ ಎಂದರು ಕರಿಬಸವರಾಜಪ್ಪ. ಡಾಕ್ಟರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

"ಕಾಲು ಕೂಡಿದ ಮ್ಯಾಲೆ ವಾಪಸ್ ಕರಕಂಡು ಬರ್ತೀರೇನೋ?" ಎಂದು ಅಜ್ಜಿ ಕೇಳಿದಳು.

"ನೋಡನವ್ವ," ಎಂದರು ಮಗ. ಅವರು ನೋಡುತ್ತಿದ್ದದ್ದು ಬಾಗಿಲನ್ನು.

ಆ ರಾತ್ರಿ ಸ್ನೇಹಾ ಉಣ್ಣಲಿಲ್ಲ.

ಭಾನುವಾರ ಹರಿಹರದವರು ಬಂದರು. ತಿಪ್ಪೇರುದ್ರಪ್ಪ, ಕಮಲಕ್ಕ, ಅವರ ಮಗ. ಅಜ್ಜಿಯ ಕೋಣೆಯಲ್ಲಿ ಊದುಬತ್ತಿ ಹಚ್ಚಿ, ಬಾಗಿಲನ್ನು ಮುಂದೆ ಮಾಡಿದ್ದರು. ಹುಡುಗ ಸಪ್ಪಗೆ, ಒಳ್ಳೆಯವನ ಹಾಗೇ ಕೂತಿದ್ದ. ಓದಿದ್ದು ಏನು ಎಂದು ಸ್ನೇಹಾಳನ್ನು ಕೇಳಿದ, ಅವಳು ಹೇಳಿದಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕೇಸರಿಭಾತು ಬಂದವು. ತಿಪ್ಪೇರುದ್ರಪ್ಪ ಮೆಣಸಿನಕಾಯಿ ಕಚ್ಚಿ, ಬಾಯಿ ಹೊಯ್ ಹೊಯ್ ಎನ್ನುತ್ತ, ನಿಮ್ಮ ರೇಲಿಂಗ್ಸ್ ನೋಡಬೇಕಲ್ಲ ಬೀಗ್ರೆ ಎಂದು ಎದ್ದರು. ಇನ್ನೂ ಬೀಗರಾಗಿರಲಿಲ್ಲ, ಆ ಮಾತಿಗೆ ಕರಿಬಸವರಾಜಪ್ಪನವರ ಮುಖ ಅರಳಿತು.

ತಿಪ್ಪೇರುದ್ರಪ್ಪ ಕೈ ತೊಳೆದಿರಲಿಲ್ಲ. ಎಣ್ಣೆಗೈಯಿಂದಲೇ ಕೊಳವೆ ಹಿಡಿದು ಹತ್ತಿದರು. ತಿರುವಿನಲ್ಲಿ ನಿಂತು ಗಟ್ಟಿಯಿದೆಯೇ ಎಂದು ಗಾಜನ್ನು ಅಂಗೈಯಿಂದ ಬಡಿದರು. ಮತ್ತೆ ಹಿಡಿದು ಇಳಿದರು. ಕಡಲೆಹಿಟ್ಟಿನ ಚೂರು ಅಂಟಿದ ಹಳದಿ ಬೆರಳುಗಳು ಮೇಲಿನಿಂದ ಕೆಳಗಿನವರೆಗೆ ಬಿದ್ದವು. ಕರಿಬಸವರಾಜಪ್ಪ ಅವರ ಹಿಂದೆಯೇ ಇಳಿದರು, ಅವನ್ನೆಲ್ಲ ನೋಡಿದರು, ನಗುತ್ತಲೇ ಇದ್ದರು. ಹಿಡಿದು ಇಳೀರಿ ಬೀಗ್ರೆ, ನಿಧಾನ, ಎಂದರು.

ಸ್ನೇಹಾ ಗೋಡೆಗೆ ಒತ್ತಿ ನಿಂತಿದ್ದಳು.

ಕಮಲಕ್ಕನ ಕಣ್ಣು ಕೋಣೆಯ ಬಾಗಿಲ ಮೇಲಿತ್ತು. ಅಮ್ಮಾರು ಹೇಗಿದ್ದಾರೆ ಎಂದು ಕೇಳಿದರು. ಪರವಾಗಿಲ್ಲ, ತಲೆ ಸುತ್ತು ಆಗಾಗ ಬರುತ್ತಿತ್ತು, ನಾಳೆ ಭಾನುವಳ್ಳಿಯ ತಮ್ಮನ ಮನೆಗೆ ಕಳಿಸುತ್ತಿದ್ದೇವೆ, ಹಳ್ಳಿಯ ಗಾಳಿಗೆ ಸುಧಾರಿಸಿಕೊಳ್ಳುತ್ತಾರೆ ಎಂದರು ಕರಿಬಸವರಾಜಪ್ಪ. ಕಮಲಕ್ಕ ಚಹಾದ ಕಪ್ಪನ್ನು ಕೆಳಗಿಟ್ಟರು.

"ತಪ್ಪು ತಿಳ್ಕಬ್ಯಾಡ್ರಿ. ಆಗಾಗ ಅಂದ್ರೆ ಮೂರ್ಛೆ ಗೀರ್ಛೆ ಏನಿಲ್ಲಲ್ರಿ? ಮನೆತನದಾಗೆ ಇದ್ರೆ ಈಗ್ಲೇ ಹೇಳಿಬಿಡ್ರಿ. ನಾಳೆ ನಮ್ಮ ಮನೆಗೂ ಮಕ್ಳು ಮರಿ ಆಗಬೇಕು."

ದ್ರಾಕ್ಷಾಯಣಮ್ಮ ಗಂಡನ ಮುಖ ನೋಡಿದಳು. ಬಕ್ಕೇಶ್ ಎದ್ದು ಮತ್ತೆ ಕೂತ. ಕರಿಬಸವರಾಜಪ್ಪ ದೊಡ್ಡದಾಗಿ ನಕ್ಕರು. ಬಾರದ ಜೋಳವನ್ನು ಬಂದಿದೆ ಎಂದು ಮಾರುವಾಗ ಮಂಡಿಯಲ್ಲಿ ಹೀಗೇ ನಗುತ್ತಿದ್ದರು.

"ಎಂಥಾ ಮೂರ್ಛೆನ್ರಿ ಕಮಲಕ್ಕಾರೆ. ಸುತ್ತು ಗಿತ್ತು ಏನಿಲ್ಲ, ಅದು ನಾವು ಮರ್ಯಾದಿಗೆ ಹೇಳಾದು. ಅವ್ವಂದು ಹಟ. ವಯಸ್ಸಾತು ನೋಡ್ರಿ, ಹೇಳಿದ್ ಮಾತು ಕೇಳಾದಿಲ್ಲ. ರೇಲಿಂಗ್ಸ್ ಹಿಡ್ಕಂಡು ಇಳಿಯವ್ವ, ಹಿಡ್ಕಂಡು ಇಳಿಯವ್ವ ಅಂತ ನಾನು ಬಡಕಂಡಿದ್ದೇ ಬಡಕಂಡಿದ್ದು. ಹಿಡೀಲಿಲ್ಲ. ಕೇಳಿದ್ರೆ ಯಾಕ ಬೀಳ್ತಿದ್ಲು?"

ತಿಪ್ಪೇರುದ್ರಪ್ಪ ತಲೆದೂಗಿದರು, ವಯಸ್ಸಾದವರು ಎಲ್ಲ ಮನೆಯಲ್ಲೂ ಹಾಗೇ ಎಂದರು. ಕಮಲಕ್ಕನ ಮುಖ ಸಡಿಲವಾಯಿತು, ಕಪ್ಪು ಮತ್ತೆ ಕೈಗೆ ಬಂತು. ಮುಂದೆ ಮಾಡಿದ್ದ ಬಾಗಿಲ ಹಿಂದೆ ಮಂಚ ಒಮ್ಮೆ ಕಿರ್ ಎಂದಿತು. ಹ್ಞೂ ಎನ್ನುವ ದನಿ ಈ ಸಲ ಒಳಗಿನಿಂದ ಬರಲಿಲ್ಲ.

ನಿಶ್ಚಿತಾರ್ಥಕ್ಕೆ ಯಾವ ದಿನ ಒಳ್ಳೆಯದು ಎಂದು ದ್ರಾಕ್ಷಾಯಣಮ್ಮ ಮಾತು ತೆಗೆದಳು. ಹೊಸಬರು ಬಂದರೆ ಬಾಯಿ ಬಿಡದ ಹುಡುಗಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದದ್ದನ್ನು ಮೊದಲು ನೋಡಿದವಳು ವಾಣಿ. ವಾಣಿ ತಡೆಯಲಿಲ್ಲ.

"ಅಜ್ಜಿ ಹೇಳಿದ ಮಾತು ಕೇಳಿದ್ರು," ಎಂದಳು ಸ್ನೇಹಾ. ದನಿ ಸಣ್ಣದಿತ್ತು, ಆದರೆ ಹಾಲಿನ ಆ ತುದಿಯವರೆಗೂ ಕೇಳಿಸಿತು. "ವಿಭೂತಿ ಕೈ ಅಂಟ್ತೈತೆ, ರೇಲಿಂಗ್ಸ್ ಮುಟ್ಟಬ್ಯಾಡ ಅಂತ ನೀವು ಹೇಳಿದ್ರಿ ಅಪ್ಪಾಜಿ. ಅವ್ರು ಮುಟ್ಟಲಿಲ್ಲ. ಅದಕ್ಕೇ ಬಿದ್ರು."